ಅಟ್ಲಾಂಟಾದಲ್ಲಿ ಇಂಟರ್ನ್‌ಶಿಪ್, ಊರಿನ ಲಾ ಹುಡುಗ್ರಿಗೆ

ನಮ್ಮ ಕೊಡಗಿನ ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಲಾ ಹುಡುಗ್ರು ಆಗಾಗ ಮೆಸೇಜ್ ಮಾಡ್ತಾರೆ, ಅಕ್ಕ, ಸಿವಿಲ್ ರೈಟ್ಸ್ ಇಂಟರ್ನ್‌ಶಿಪ್ ಅಂದ್ರೆ ಏನ್ ಮಾಡಿಸ್ತಾರೆ, ಕೋರ್ಟಲ್ಲಿ ವಾದ ಮಾಡೋಕೆ ಬಿಡ್ತಾರಾ ಅಂತ. ವಾದ ಎಲ್ಲಾ ವಕೀಲರದ್ದು, ಇಂಟರ್ನ್‌ಗಳ ಹೆಚ್ಚಿನ ಹೊತ್ತು ಜನರ ಮಾತು ಕೇಳಿ ಬರ್ಕೊಳ್ಳೋದ್ರಲ್ಲೇ ಹೋಗತ್ತೆ.

ಇದಕ್ಕೆ ಇಲ್ಲಿ, ನಾನಿರೋ ಅಮೆರಿಕದ ಅಟ್ಲಾಂಟಾದಲ್ಲಿ, ಇನ್‌ಟೇಕ್ ಅಂತಾರೆ. ಬಣ್ಣ, ಧರ್ಮ, ಹೆಣ್ಣು ಅನ್ನೋ ಕಾರಣಕ್ಕೆ ಕೆಲಸದಲ್ಲಿ ಅನ್ಯಾಯ ಆದವ್ರು ಫೋನ್ ಮಾಡ್ತಾರೆ. 1964ರ ಸಿವಿಲ್ ರೈಟ್ಸ್ ಆ್ಯಕ್ಟ್ ಅವರ ಪರ ಇದೆ, ಆದ್ರೆ ನೇರ ಕೋರ್ಟಿಗೆ ಹೋಗಂಗಿಲ್ಲ, ಮೊದ್ಲು ಇಇಒಸಿ ಅನ್ನೋ ಕೇಂದ್ರ ಸರ್ಕಾರದ ಸಂಸ್ಥೆಗೆ ದೂರು ಕೊಡ್ಬೇಕು, ಅನ್ಯಾಯ ಆದ ದಿನದಿಂದ ಎಷ್ಟೋ ರಾಜ್ಯಗಳಲ್ಲಿ ಅದಕ್ಕೆ 300 ದಿನ ಇದೆ, ಅಟ್ಲಾಂಟಾ ಇರೋ ಜಾರ್ಜಿಯಾ ರಾಜ್ಯದಲ್ಲಿ ಬರೀ 180. ಜೊತೆಗೆ ಆ ಕಂಪನೀಲಿ ಕನಿಷ್ಠ 15 ಜನ ಇರ್ಬೇಕು.

ಹೋಟೆಲ್ ರೂಮ್ ಕ್ಲೀನ್ ಮಾಡ್ತಿದ್ದ ಒಬ್ರು ಜೂನಲ್ಲಿ ಫೋನ್ ಮಾಡಿದ್ರು. ಯಾವತ್ತು ಕೆಲಸದಿಂದ ತೆಗೆದ್ರು ಅಂದ್ರೆ "ಕ್ರಿಸ್‌ಮಸ್‌ಗೆ ಸ್ವಲ್ಪ ಮುಂಚೆ" ಅಂತಾರೆ, ಅಷ್ಟು ಸಾಲಲ್ಲ. ಕೊನೇ ಸಂಬಳದ ಚೀಟಿ ಹುಡುಕ್ಸಿ, ಅದರ ಮೇಲಿನ ತಾರೀಖು ಓದ್ಸಿ, ಕ್ಯಾಲೆಂಡರ್ ಇಟ್ಕೊಂಡು ಎಣಿಸಿದ್ರೆ ಉಳಿದಿದ್ದು ಕೆಲವೇ ದಿನ. ನಮ್ಮ ವಕೀಲರು ಅವತ್ತು ಬೇರೆ ಕೆಲಸ ಎಲ್ಲಾ ಬದಿಗಿಟ್ಟು ಅರ್ಜಿಗೆ ಕೂತ್ರು.

ನನಗಂತೂ ಆಗ ನೆನಪಾಗಿದ್ದು ನಮ್ಮೂರ ಎಸ್ಟೇಟ್ ಕೆಲಸದವ್ರ ಲೈನ್‌ಮನೆಗಳು, ಆದಿವಾಸಿಗಳ ಹಾಡಿಗಳು. ಅಲ್ಲೂ ಜನ ಪುತ್ತರಿ ಹಬ್ಬ ಆದ್ಮೇಲೆ, ಕಾಫಿ ಕೊಯ್ಲಿಗೆ ಮುಂಚೆ ಅಂತಾನೇ ಹೇಳೋದು. ಅರಣ್ಯ ಹಕ್ಕು ಕಾಯ್ದೆ ಕೇಳೋದು 13 ಡಿಸೆಂಬರ್ 2005ಕ್ಕೆ ಮೊದ್ಲಿಂದ ಅಲ್ಲಿದ್ರಾ ಅಂತ, ಜೇನುಕುರುಬರ ಅಜ್ಜಿ ಹತ್ರ ಅದಕ್ಕೆ ಕಾಗದ ಎಲ್ಲಿಂದ ಬರ್ಬೇಕು? ಆದ್ರೆ ಅದೇ ಕಾಯ್ದೆಯ ನಿಯಮದಲ್ಲಿ ಅರ್ಜಿ ಹಾಕಿದವ್ರಲ್ಲದ ಬೇರೆ ಹಿರಿಯರು ಹೇಳಿದ್ದನ್ನ ಬರೆದು ಕೊಟ್ರೆ ಅದೂ ಸಾಕ್ಷಿ. ಹಾಗೆ ಕೂತು ಕೇಳಿ ಬರೆಯೋರು ಬೇಕು, ಲಾ ಸ್ಟೂಡೆಂಟ್ ಮಾಡ್ಬಹುದಾದ ಇದಕ್ಕಿಂತ ದೊಡ್ಡ ಕೆಲಸ ನನಗೆ ಗೊತ್ತಿಲ್ಲ.

ಇಲ್ಲಿಗೆ ಬರೋರು ದುಡ್ಡಿನ ಲೆಕ್ಕ ಮೊದ್ಲು ಹಾಕಿ. ಇಂಥ ಸಂಸ್ಥೆಗಳಲ್ಲಿ ಎಷ್ಟೋ ಕಡೆ ಸಂಬಳ ಇರಲ್ಲ, ಕೆಲವು ಲಾ ಸ್ಕೂಲ್‌ಗಳು ಬೇಸಿಗೆಗೆ ಸ್ಟೈಪೆಂಡ್ ಕೊಡ್ತವೆ, ಸೀಟ್ ಒಪ್ಕೊಳ್ಳೋ ಮುಂಚೆನೇ ಕೇಳಿ ಇಟ್ಕೊಳ್ಳಿ. ಎಫ್-1 ಅನ್ನೋ ಸ್ಟೂಡೆಂಟ್ ವೀಸಾ ಆದ್ರೆ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸ್ ಹೂಂ ಅನ್ನದೆ ಎಲ್ಲೂ ಸೇರ್ಬೇಡಿ, ಸಂಬಳ ಇಲ್ದಿದ್ರೂ.

ಊರಲ್ಲಿ ಇರೋರಿಗೆ ಹೇಗಿದ್ರೂ ಬಾರ್ ಕೌನ್ಸಿಲ್ ಪ್ರಕಾರ ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಆಗ್ಲೇಬೇಕು. ಅಷ್ಟೂ ವಾರ ಬೆಂಗಳೂರಿನ ದೊಡ್ಡ ಫರ್ಮ್‌ಗೇ ಯಾಕೆ ಕೊಡ್ಬೇಕು, ಒಂದು ನಾಲ್ಕು ವಾರ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅವಕಾಶ ಇದ್ಯಾ ಕೇಳಿ. ಎರವ ಆದಿವಾಸಿಗಳ ಮಾತು ಬರೋರು ನಿಮ್ಮಲ್ಲಿ ಯಾರಾದ್ರೂ ಇದ್ರೆ ಅವರು ಮೊದ್ಲು ಹೋಗಿ.