ಸಾಂಬೊ: ಬೆರಕೆ ಕುಸ್ತಿಯನ್ನು ಬೆಸೆದದ್ದು ನಿಯಮಪುಸ್ತಕ

ಕರಾಟೆ, ಕಿಕ್ ಬಾಕ್ಸಿಂಗ್, ಜೂಡೊ, ಮುಯೆ ಥಾಯ್ ಎಲ್ಲವನ್ನೂ ಒಂದೇ ಬ್ಯಾನರಿನಲ್ಲಿ ಬರೆದು ಹಾಕುವ ಕ್ಲಾಸುಗಳು ಈಗ ಎಲ್ಲ ಊರುಗಳಲ್ಲೂ ಇವೆ, ಕೊಡಗಿನಲ್ಲೂ ಇವೆ. ಸೋಮವಾರ ಒದೆತ, ಬುಧವಾರ ಎಸೆತ, ಶುಕ್ರವಾರ ನೆಲದ ಪಟ್ಟು. ಕಲಿಯುವವರಿಗೆ ನಷ್ಟವೇನಿಲ್ಲ. ಆದರೆ ಟೈಂಟೇಬಲ್ ಮಾಡಿದ ಮಾತ್ರಕ್ಕೆ ಕಲೆಗಳು ಬೆರೆಯುವುದಿಲ್ಲ. ಬೇರೆ ಬೇರೆ ಕಡೆಯಿಂದ ಬಂದವರು ಒಂದೇ ಬಟ್ಟೆ ತೊಟ್ಟು, ಒಂದೇ ನಿಯಮಕ್ಕೆ ಒಪ್ಪಿ, ಪೂರ್ತಿ ಬಲ ಹಾಕಿ ಸೆಣಸಬೇಕು. ಆಗ ಯಾವ ಪಟ್ಟು ಉಳಿಯುತ್ತದೋ ಅದು ಹೊಸ ಕಲೆಯ ಭಾಗವಾಗುತ್ತದೆ. ಇದನ್ನು ನೋಡಬೇಕಾದರೆ ಸೋವಿಯತ್ ಒಕ್ಕೂಟದಲ್ಲಿ ಹುಟ್ಟಿದ ಅಂಗಿ ಕುಸ್ತಿ ಸಾಂಬೊವನ್ನು ನೋಡಬೇಕು.

ಸಾಂಬೊದ ಹುಟ್ಟಿನ ಕಥೆ ಎರಡಿದೆ. ಬಹಳ ಕಾಲ ಚಾಲ್ತಿಯಲ್ಲಿದ್ದದ್ದು ಸೋವಿಯತ್ ಸರ್ಕಾರ ಹೇಳಿದ ಕಥೆ: ಜಾರ್ಜಿಯಾದ ಚಿದಾಒಬಾ, ಉಜ್ಬೇಕರ ಕುರಾಶ್, ಅರ್ಮೇನಿಯಾದ ಕೋಖ್, ಟಾಟಾರರ ಬೆಲ್ಟ್ ಕುಸ್ತಿ ಹೀಗೆ ಒಕ್ಕೂಟದ ಜನಪದ ಕುಸ್ತಿಗಳನ್ನೆಲ್ಲ ಸೇರಿಸಿ ಅನತೋಲಿ ಖಾರ್ಲಂಪಿಯೆವ್ ಇದನ್ನು ಕಟ್ಟಿದರು ಎಂದು. ಸುಳ್ಳಲ್ಲ, ಅರ್ಧ ನಿಜ. ಇನ್ನರ್ಧ ವಸೀಲಿ ಒಷೆಪ್ಕೋವ್. ಸಖಾಲಿನ್ ದ್ವೀಪದಲ್ಲಿ ಹುಟ್ಟಿ, ಜಪಾನಿನ ಕ್ರೈಸ್ತ ಮಿಷನ್ ಶಾಲೆಯಲ್ಲಿ ಓದಿ, 1911ರಲ್ಲಿ ಟೋಕಿಯೊದ ಜೂಡೊ ಕೇಂದ್ರ ಕೊಡೊಕಾನ್ ಸೇರಿ, 1913ರಲ್ಲಿ ಜೂಡೊ ಬ್ಲ್ಯಾಕ್ ಬೆಲ್ಟ್ ಪಡೆದವರು. ಮಾಸ್ಕೋದಲ್ಲಿ ಅವರು ಕಲಿಸಿದ್ದು ಮೂಲತಃ ಜೂಡೊ. ಖಾರ್ಲಂಪಿಯೆವ್ ಇದೇ ಒಷೆಪ್ಕೋವ್ ಅವರ ಶಿಷ್ಯ. 1937ರಲ್ಲಿ ಒಷೆಪ್ಕೋವ್ ಅವರನ್ನು ಸೋವಿಯತ್ ಸರ್ಕಾರ ಜಪಾನಿನ ಗೂಢಚಾರನೆಂದು ಬಂಧಿಸಿತು, ಕೆಲವೇ ದಿನಗಳಲ್ಲಿ ಅವರು ಜೈಲಿನಲ್ಲೇ ತೀರಿಕೊಂಡರು. ಮರುವರ್ಷ 1938ರ ನವೆಂಬರ್ 16ರಂದು ಈ ಕುಸ್ತಿಗೆ ಸರ್ಕಾರಿ ಮಾನ್ಯತೆ ಸಿಕ್ಕಿತು. ಅದರಲ್ಲಿ ಜೂಡೊ ಎಂಬ ಮಾತೂ ಇಲ್ಲ, ಒಷೆಪ್ಕೋವ್ ಎಂಬ ಹೆಸರೂ ಇಲ್ಲ.

ಇದೇ ಹೊತ್ತಿನಲ್ಲಿ ಡೈನಮೊ ಕ್ರೀಡಾ ಸಂಘದಲ್ಲಿ ವಿಕ್ಟರ್ ಸ್ಪಿರಿದೊನೋವ್ ಬೇರೆ ದಾರಿ ಹಿಡಿದಿದ್ದರು. ಅವರದು ಜಪಾನಿನ ಆತ್ಮರಕ್ಷಣೆ ಕಲೆಯಾದ ಜುಜುತ್ಸು ಮೂಲದ್ದು, ಪೊಲೀಸರಿಗೆ ಮತ್ತು ಭದ್ರತಾ ಸಿಬ್ಬಂದಿಗೆ ಕಲಿಸುವಂಥದ್ದು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡಿದ್ದರಿಂದ ಬಲಕ್ಕಿಂತ ಮಣಿಕಟ್ಟು, ಮೊಣಕೈ ತಿರುಚುವ ನಯದ ಪಟ್ಟುಗಳ ಕಡೆಗೇ ಅವರ ಒಲವು. ಆ ಧಾರೆ ಸ್ಪರ್ಧೆಯ ಸಾಂಬೊದಲ್ಲಿ ಹೆಚ್ಚು ಉಳಿಯಲಿಲ್ಲ. ಪಂದ್ಯದಲ್ಲಿ ನಿಂತುಕೊಂಡು ಕೀಲು ತಿರುಚುವಂತಿಲ್ಲ ಎಂದ ಮೇಲೆ ಉಳಿಯುವುದಾದರೂ ಹೇಗೆ?

ಇನ್ನು ಬಟ್ಟೆ. ಸಾಂಬೊದ ಜಾಕೆಟ್ಟಿಗೆ ಕುರ್ತ್ಕಾ ಎನ್ನುತ್ತಾರೆ. ಜೂಡೊ ಅಂಗಿಗಿಂತ ಮೈಗೆ ಅಂಟಿದಂತಿರುತ್ತದೆ. ಭುಜದ ಮೇಲೆ ಹಿಡಿಯಲು ಅನುಕೂಲವಾಗುವಂತೆ ಪಟ್ಟಿ ಹೊಲಿದಿರುತ್ತಾರೆ, ಸೊಂಟದ ಎರಡೂ ಬದಿಯ ಸೀಳಿನಲ್ಲಿ ಬೆಲ್ಟ್ ತೂರಿಸಿರುತ್ತಾರೆ. ಕೆಳಗೆ ಚಡ್ಡಿ, ಕಾಲಿಗೆ ಮೆತ್ತನೆಯ ಶೂ. ಬೆಲ್ಟ್ ಸೀಳಿನಲ್ಲಿ ತೂರಿರುವುದರಿಂದ ಎಳೆದರೂ ಮೇಲೆ ಜಾರುವುದಿಲ್ಲ. ಜಾರ್ಜಿಯನ್ನರ ಹಿಡಿತ ಸಾಂಬೊದಲ್ಲಿ ಬೇರುಬಿಟ್ಟದ್ದು ಇದರಿಂದ. ಚಿದಾಒಬಾದಲ್ಲಿ ಗಿಡ್ಡ ತೋಳಿನ ಅಂಗಿ, ಸೊಂಟಕ್ಕೆ ಕಟ್ಟು. ನಮ್ಮ ಕೊಡವರ ಉದ್ದ ಕೋಟು ಕುಪ್ಯದ ಮೇಲೆ ಬಿಗಿದ ಸೊಂಟಪಟ್ಟಿ ಚೇಲೆಯನ್ನು ನೆನೆಸಿಕೊಂಡರೆ ಸಾಕು, ಯಾವುದನ್ನು ಹಿಡಿಯುತ್ತಾರೆ ಎಂಬುದು ತಿಳಿಯುತ್ತದೆ.

ಆ ಹಿಡಿತದಿಂದ ಎಸೆಯುವುದು ಹೀಗೆ. ಬಲಗೈಯನ್ನು ಎದುರಾಳಿಯ ಭುಜದ ಮೇಲಿಂದ ಹಾಯಿಸಿ ಬೆನ್ನ ಹಿಂದಿನ ಬೆಲ್ಟ್ ಹಿಡಿಯಬೇಕು, ಎಡಗೈಯಲ್ಲಿ ಅವನ ತೋಳು. ಬೆಲ್ಟ್ ಸಿಕ್ಕಿದ ಕೂಡಲೇ ಎತ್ತಲು ಹೋಗಬಾರದು. ಮೊದಲು ಮೊಣಕೈಯನ್ನು ಅವನ ಬೆನ್ನ ಮೇಲೆ ಒತ್ತಿ ತಲೆ ಬಗ್ಗಿಸಬೇಕು. ಅವನು ಎದ್ದು ನಿಲ್ಲಲು ನೋಡುತ್ತಾನೆ. ಆ ಏಳುವ ಬಲದ ಜೊತೆಗೇ ಹೊಟ್ಟೆಯನ್ನು ಅವನ ಪಕ್ಕೆಗೆ ತಾಗಿಸಿ, ಪಾದವನ್ನು ತೊಡೆಯ ಒಳಗೆ ಕೊಕ್ಕೆಯಂತೆ ಹಾಕಿ, ಸೊಂಟ ಮುಂದೆ ದೂಡಿ ಮೇಲೆತ್ತಬೇಕು. 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಜೂಡೊ ಚಿನ್ನ ಗೆದ್ದ ಜಾರ್ಜಿಯಾದ ಶೋತಾ ಖಾಬರೆಲಿ ಹೆಸರಿನಿಂದಲೇ ಈ ಎಸೆತವನ್ನು ಕರೆಯುತ್ತಾರೆ. ಹೊಸಬರ ಹೊಟ್ಟೆ ಮತ್ತು ಎದುರಾಳಿಯ ಪಕ್ಕೆಯ ನಡುವೆ ಒಂದು ಗೇಣು ಜಾಗ ಉಳಿದುಬಿಡುತ್ತದೆ. ಜಾಗ ಉಳಿದರೆ ಭಾರವೆಲ್ಲ ನಿಮ್ಮ ಸೊಂಟದ ಮೂಳೆಗೆ, ಹಿಂದಕ್ಕೆ ಬೀಳುವವರು ನೀವೇ.

ಅಂಕದ ಲೆಕ್ಕ ಕಲೆಯ ರೂಪವನ್ನೇ ಬದಲಿಸಿದೆ. ಎದುರಾಳಿ ಬೆನ್ನ ಮೇಲೆ ಬಿದ್ದು ನೀವು ನಿಂತೇ ಇದ್ದರೆ ಪಂದ್ಯ ಅಲ್ಲಿಗೆ ಮುಗಿಯಿತು. ನೀವೂ ಜೊತೆಯಲ್ಲಿ ಬಿದ್ದರೆ 4 ಅಂಕ ಮಾತ್ರ. 8 ಅಂಕದ ಅಂತರವಾದರೂ ಗೆಲುವು. ನೆಲಕ್ಕೊತ್ತಿ 20 ಸೆಕೆಂಡ್ ಹಿಡಿದರೆ ಜೂಡೊದಲ್ಲಿ ಪಂದ್ಯವೇ ಗೆದ್ದಂತೆ. ಸಾಂಬೊದಲ್ಲಿ ಬರೀ 4 ಅಂಕ, ಪಂದ್ಯವಿಡೀ ಒತ್ತಿ ಹಿಡಿದರೂ ಅಷ್ಟೇ. ಹಾಗಾಗಿ ಒತ್ತಿಕೊಂಡು ಮಲಗಿ ಲಾಭವಿಲ್ಲ, ಕೀಲಿಗೆ ಪಟ್ಟು (ಲಾಕ್) ಹಾಕಿ ಸೋಲೊಪ್ಪಿಸಲು ನೋಡಲೇಬೇಕು. ಕ್ರೀಡಾ ಸಾಂಬೊದಲ್ಲಿ ಕತ್ತು ಹಿಸುಕುವಂತಿಲ್ಲವಾದ್ದರಿಂದ ಆಟಗಾರರ ತಲೆಯೆಲ್ಲ ಕೈಕಾಲಿನ ಕೀಲಿಗೆ ಹರಿಯಿತು. ಹಿಸುಕುವುದೂ ಹೊಡೆತವೂ ಇರುವುದು ಕಾಂಬ್ಯಾಟ್ ಸಾಂಬೊದಲ್ಲಿ, ಅಲ್ಲಿ ಹೆಲ್ಮೆಟ್, ಗ್ಲೌಸ್, ಶಿನ್ ಗಾರ್ಡ್ ಕಡ್ಡಾಯ. ಮಿಶ್ರ ಸಮರಕಲೆಯ (ಎಂಎಂಎ) ಮಾಜಿ ಚಾಂಪಿಯನ್ ಖಬೀಬ್ ನುರ್ಮಗೊಮೆದೋವ್ ಬಂದದ್ದು ಆ ಕಡೆಯಿಂದ.

ಮಂಡಿ ಲಾಕ್, ಅಂದರೆ ಎದುರಾಳಿಯ ಮಂಡಿಯನ್ನು ನೇರ ಮಾಡಿ ಒತ್ತುವ ಪಟ್ಟಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯೂಟ್ಯೂಬ್ ನೋಡಿ ಮಾಡಿ ಕಾಲು ಕೆಡಿಸಿಕೊಳ್ಳುವುದು ಇಲ್ಲೇ. ಎದುರಾಳಿಯ ಒಂದು ಕಾಲು ನಿಮ್ಮ ಎರಡು ತೊಡೆಗಳ ನಡುವೆ ಬರಬೇಕು. ನಿಮ್ಮ ಸೊಂಟ ಅವನ ಮಂಡಿಚಿಪ್ಪಿಗಿಂತ ಮೇಲೆ, ಅಂದರೆ ಅವನ ತೊಡೆಯ ಕಡೆ ಇರಬೇಕು. ಕೆಳಗೆ ಜಾರಿದರೆ ಅವನು ಕಾಲು ಮಡಚಿ ತಪ್ಪಿಸಿಕೊಳ್ಳುತ್ತಾನೆ. ನಿಮ್ಮ ಎರಡೂ ಮಂಡಿ ಒಂದಕ್ಕೊಂದು ಬಿಗಿ. ಅವನ ಹಿಮ್ಮಡಿಯನ್ನು ಎದೆಗೆ ಅವಚಿ ಹಿಡಿದು, ಸೊಂಟ ಮುಂದಕ್ಕೆ ನಿಧಾನವಾಗಿ ದೂಡಬೇಕು. ಕೈಯಿಂದ ಎಳೆದು ಜರ್ಕ್ ಕೊಡುವಂತಿಲ್ಲ. ಅವನ ಮಂಡಿಚಿಪ್ಪು ನಿಮ್ಮ ಹೊಟ್ಟೆಯ ಕಡೆಗೇ ನೋಡುತ್ತಿರಬೇಕು. ಪಕ್ಕಕ್ಕೆ ತಿರುಗಿತೆಂದರೆ ಒತ್ತಡ ಪಕ್ಕದ ಲಿಗಮೆಂಟಿಗೆ ಹೋಗುತ್ತದೆ, ತಕ್ಷಣ ಬಿಡಿ. ಹಿಮ್ಮಡಿ ತಿರುಚುವ ಲಾಕನ್ನು ಕ್ರೀಡಾ ಸಾಂಬೊ ನಿಷೇಧಿಸಿರುವುದಕ್ಕೂ ಇದೇ ಕಾರಣ: ನೋವು ತಿಳಿಯುವ ಮೊದಲೇ ಮಂಡಿಯೊಳಗೆ ಹರಿದಿರುತ್ತದೆ. ಕಲಿಯುವಾಗ ಲಾಕ್ ಹಾಕಿ ಅಲ್ಲಿಗೇ ನಿಲ್ಲಿಸಬೇಕು, ಒತ್ತುವುದು ಬೇಡ. ಸಿಕ್ಕಿಕೊಂಡವನು ಎರಡು ಸಲ ತಟ್ಟಿದರೆ ಬಿಡುವುದು, ತಟ್ಟಲು ಕೈ ಸಿಗದಿದ್ದರೆ ಕೂಗುವುದು.

ಈ ಬೆರಕೆ ತಿರುಗಿ ಜೂಡೊವನ್ನೂ ಅಲ್ಲಾಡಿಸಿತು. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಸಾಂಬೊ ಹಿನ್ನೆಲೆಯ ಸೋವಿಯತ್ ತಂಡ ಜೂಡೊದಲ್ಲಿ 4 ಕಂಚು ಗೆದ್ದಿತು. ಉರುಳಿಕೊಂಡು ಬಂದು ತೋಳಿಗೆ ಲಾಕ್ ಹಾಕುವುದು, ಬೆಲ್ಟ್ ಹಿಡಿತ, ಕಾಲಿಗೆ ಕೈ ಹಾಕಿ ಎತ್ತುವುದು ಜೂಡೊಕ್ಕೆ ನುಗ್ಗಿದವು. ಕಾಲು ಹಿಡಿಯುವುದನ್ನು ಅಂತರರಾಷ್ಟ್ರೀಯ ಜೂಡೊ ಫೆಡರೇಶನ್ 2010ರಿಂದ ನಿರ್ಬಂಧಿಸಿ, 2013ರ ಹೊತ್ತಿಗೆ ಪೂರ್ತಿ ಮುಚ್ಚಿತು. ಸಾಂಬೊದಲ್ಲಿ ಅದು ಇವತ್ತಿಗೂ ಇದೆ. ಒಂದೇ ಬೇರಿನ ಎರಡು ಕಲೆಗಳು ನಿಯಮದಿಂದಾಗಿಯೇ ದೂರವಾದವು. 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಸಾಂಬೊವೂ ಇತ್ತು, ಅದರ ಬೇರುಗಳಲ್ಲೊಂದಾದ ಕುರಾಶ್ ಕೂಡ ಇತ್ತು. ಕುರಾಶ್‌ನಲ್ಲಿ ಕಂಚು ಗೆದ್ದವರಲ್ಲಿ ನಮ್ಮ ಬೆಳಗಾವಿಯ ಮಲಪ್ರಭಾ ಜಾಧವ್ ಒಬ್ಬರು.

ಕೊಡಗಿನವರಿಗೆ ನಿಯಮದ ಮಹತ್ವ ಹೇಳಿಕೊಡಬೇಕಾಗಿಲ್ಲ. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಊರಿನ ಬಯಲಾದ ಮಂದ್‌ನಲ್ಲಿ ಆಡುವ ಪರಿಯಕಳಿಯಲ್ಲಿ ಕೈಲಿ ಬೆತ್ತ, ಗುರಾಣಿ, ಹೊಡೆತ ಮಂಡಿಯ ಕೆಳಗೆ ಮಾತ್ರ. ಆ ಒಂದು ಕಟ್ಟಳೆಯಿಂದಲೇ ಆಟದ ಹೆಜ್ಜೆ, ಜಿಗಿತ, ಗುರಾಣಿ ಇಳಿಸುವ ರೀತಿ ಎಲ್ಲ ಹುಟ್ಟಿದೆ. ಪರಿಯಕಳಿಯನ್ನು ಸಾಂಬೊಕ್ಕೆ 'ಸೇರಿಸುವ' ಉತ್ಸಾಹ ಮಾತ್ರ ಬೇಡ. ಬೆತ್ತದ ದೂರವೇ ಬೇರೆ, ಅಂಗಿ ಹಿಡಿಯುವ ದೂರವೇ ಬೇರೆ.

ಇಲ್ಲಿ ಶುರುಮಾಡುವವರಿಗೆ ಕೆಲವು ಮಾತು. ಹಾಕಿ ಆಡುವ ಹುಡುಗ ಹುಡುಗಿಯರು ಬೇಗ ಕಲಿಯುತ್ತಾರೆ, ಬಗ್ಗಿ ಓಡಿ ಅಭ್ಯಾಸವಿರುತ್ತದೆ. ಆದರೆ ಹಾಕಿ ಸ್ಟಿಕ್ಕಿಗೆ ಎಡಗೈಯವರದ್ದು ಎಂಬುದೇ ಇಲ್ಲವಾದ್ದರಿಂದ ಮೈ ಒಂದೇ ಕಡೆ ತಿರುಗಿ ಪಳಗಿರುತ್ತದೆ. ಇನ್ನೊಂದು ಬದಿಯ ಎಸೆತವನ್ನು ಎರಡರಷ್ಟು ಮಾಡಿಸಿ. ಮೊದಲ ತಿಂಗಳು ಬೀಳುವುದನ್ನೇ ಕಲಿಸಿ. ಕಾಫಿ ಕಣದ ಸಿಮೆಂಟಿನ ಮೇಲೆ ಟಾರ್ಪಾಲ್ ಹಾಸಿ ಎಸೆಯುವ ಕೆಲಸ ಬೇಡವೇ ಬೇಡ. ಕನಿಷ್ಠ 4 ಸೆಂಟಿಮೀಟರ್ ದಪ್ಪದ ಮ್ಯಾಟ್ ಬೇಕು, ಮ್ಯಾಟುಗಳ ನಡುವೆ ಸಂದು ಇರಬಾರದು. ಕಾಲ್ಬೆರಳು ಮುರಿಯುವುದು ಆ ಸಂದಿನಲ್ಲೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುರ್ತ್ಕಾ ಒಣಗುವುದೇ ಇಲ್ಲ. ಒಬ್ಬೊಬ್ಬರಿಗೆ ಎರಡು ಇರಲಿ, ಇಲ್ಲವಾದರೆ ಮಳೆಗಾಲದಲ್ಲಿ ವಾರಕ್ಕೆ ಎರಡು ದಿನ ಬನಿಯನ್ನಿನಲ್ಲೇ ಕುಸ್ತಿ ಮಾಡಿಸಿ. ಒದ್ದೆ ಅಂಗಿ, ಒದ್ದೆ ಮ್ಯಾಟು ಸೇರಿದರೆ ಹುಳುಕಡ್ಡಿ ಒಬ್ಬರಿಂದ ಇಡೀ ಕ್ಲಾಸಿಗೆ ಹರಡುತ್ತದೆ. ಮ್ಯಾಟನ್ನು ಪ್ರತಿ ದಿನ ಸೋಂಕುನಾಶಕದಲ್ಲಿ ಒರೆಸಿ, ಗೋಡೆಗೆ ಒರಗಿಸಿ ನಿಲ್ಲಿಸಿ. ಚರ್ಮದ ಮೇಲೆ ದುಂಡಗಿನ ಕೆಂಪು ಕಂಡವರನ್ನು ಮ್ಯಾಟಿಗೆ ಹತ್ತಿಸಬೇಡಿ. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ, ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಸೋಂಕು ಒಳಗೊಳಗೇ ಹಬ್ಬುತ್ತದೆ. ಚರ್ಮದ ಡಾಕ್ಟರಿಗೆ ತೋರಿಸಿ, ಅವರು ಹೇಳಿದಷ್ಟು ವಾರ ಔಷಧಿ ಮುಗಿಸಿ ಬಂದರೆ ಮಾತ್ರ ಅಂಗಿ ಹಿಡಿಯಲು ಬಿಡಿ.