ಕಿತ್ತಳೆ ಕೊಕ್ಕಿನ ಹಿಂದೆ ಕೆಸರಿಗಿಳಿದು

ನೆದರ್ಲೆಂಡ್ಸಿನ ಡೆನ್ ಹೆಲ್ಡರ್‌ನಿಂದ ಟೆಕ್ಸೆಲ್ ದ್ವೀಪಕ್ಕೆ ಫೆರ್ರಿಯಲ್ಲಿ 20 ನಿಮಿಷ. ಸೆಪ್ಟೆಂಬರಿನಲ್ಲಿ ನಾನು ಅಲ್ಲಿಗೆ ಹೋಗಿದ್ದು ಅಪರೂಪದ ಹಕ್ಕಿಗಳ ಆಸೆಯಿಂದ. ಸಿಕ್ಕಿದ್ದು ಮಾತ್ರ ಆಯ್ಸ್ಟರ್‌ಕ್ಯಾಚರ್ ಅನ್ನುವ ಕಡಲ ದಂಡೆಯ ಹಕ್ಕಿ. ಎಲ್ಲಿ ನೋಡಿದರೂ ಅದೇ. ಕಪ್ಪು ಬಿಳುಪು ಮೈ, ಗುಲಾಬಿ ಕಾಲು, ಕ್ಯಾರೆಟ್ಟಿನಂಥ ಕೊಕ್ಕು. ಅರ್ಧ ಗಂಟೆ ನಾನು ಕ್ಯಾಮೆರಾ ಕೂಡ ಎತ್ತಲಿಲ್ಲ.

ಪೂರ್ವದ ಕಡೆ ಏರಿಯ ಮೇಲೆ ಕುರಿಗಳು, ಅದರಾಚೆ ವಾಡೆನ್ ಸಮುದ್ರ. ಆಗಿನ್ನೂ ಸಮುದ್ರದ ಭರತ, ನೀರು ಏರಿತ್ತು. ನೂರಾರು ಹಕ್ಕಿಗಳು ಗಾಳಿಗೆ ಮುಖ ಮಾಡಿ ಒಂಟಿ ಕಾಲಲ್ಲಿ ನಿಂತಿದ್ದವು. ನೀರು ಇಳಿದದ್ದೇ ತಡ, ಕಿರುಚುತ್ತಾ ಕೆಸರಿಗೆ ಹಾರಿದವು. ಗೈಡ್ ಹಿಂದೆ ನಾವೂ ಇಳಿದೆವು. ಹತ್ತೇ ಹೆಜ್ಜೆಗೆ ನನ್ನ ಎಡಗಾಲಿನ ಬೂಟು ಕೆಸರಲ್ಲೇ ಉಳಿಯಿತು. ನಾನೂ ಒಂಟಿ ಕಾಲಲ್ಲಿ ನಿಂತಾಗಲೇ ಈ ಹಕ್ಕಿಯನ್ನು ಸರಿಯಾಗಿ ನೋಡಿದ್ದು.

ಹೆಸರಿನಲ್ಲಿ ಆಯ್ಸ್ಟರ್, ಅಂದರೆ ಸಿಂಪಿ ಇದೆ, ಊಟ ಜಾಸ್ತಿ ಬೇರೆ ಕಪ್ಪೆಚಿಪ್ಪು, ಹುಳುಗಳದ್ದು. ಒಂದು ಹಕ್ಕಿ ಚಿಪ್ಪನ್ನು ಕುಟ್ಟಿ ಒಡೆಯುತ್ತಿತ್ತು. ಇನ್ನೊಂದು ಚೂರು ಬಾಯಿ ಬಿಟ್ಟಿದ್ದ ಚಿಪ್ಪಿನೊಳಗೆ ಕೊಕ್ಕು ತೂರಿಸಿ ಸ್ನಾಯು ಕತ್ತರಿಸುತ್ತಿತ್ತು. ಕುಟ್ಟುವುದರ ಕೊಕ್ಕಿನ ತುದಿ ಮೊಂಡು, ಹುಳು ಹೆಕ್ಕುವುದರದ್ದು ಚೂಪು. ಕೊಕ್ಕು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ಊಟ ಬದಲಾದರೆ ಕೆಲವೇ ವಾರಗಳಲ್ಲಿ ತುದಿಯ ಆಕಾರವೂ ಬದಲಾಗುತ್ತದೆ!

"ಇಷ್ಟೊಂದು ಇವೆಯಲ್ಲ, ಇವಕ್ಕೇನು ತೊಂದರೆ?" ಅಂದೆ. ಗೈಡ್ ಸುಮ್ನೆ ನಕ್ಕರು. ಆಮೇಲೆ ಹೇಳಿದರು: 2015ರಿಂದ, ಜೀವಿಗಳ ಅಳಿವಿನ ಅಪಾಯ ಅಳೆಯುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಇದು 'ಅಪಾಯದ ಅಂಚಿಗೆ ಹತ್ತಿರ'. ಲಕ್ಷಗಟ್ಟಲೆ ಇದ್ದರೂ! ಎಷ್ಟು ಇವೆ ಅನ್ನುವುದಷ್ಟೇ ಅಲ್ಲ, ಎಷ್ಟು ಬೇಗ ಕಡಿಮೆಯಾಗುತ್ತಿವೆ ಅನ್ನುವುದನ್ನೂ ಆ ಪಟ್ಟಿ ನೋಡುತ್ತದೆ. ಇವುಗಳ ಊಟವಾದ ಕಾಕಲ್ ಅನ್ನುವ ಚಿಪ್ಪನ್ನು ಇಲ್ಲಿ ಯಂತ್ರ ಹಾಕಿ ಬಾಚುತ್ತಿದ್ದರು. ವಾಡೆನ್ ಸಮುದ್ರದ ಡಚ್ ಭಾಗದಲ್ಲಿ ಅದು 2005ರಲ್ಲಿ ನಿಂತಿತು. ಗೂಡಿನ ಕಷ್ಟ ನಿಂತಿಲ್ಲ. ಮೊಟ್ಟೆ ಇಡುವುದು ಬರೀ ನೆಲದಲ್ಲಿ. ಹುಲ್ಲು ಕೊಯ್ಯುವ ಯಂತ್ರ, ನರಿ, ಉಕ್ಕಿ ಬರುವ ಸಮುದ್ರ, ಯಾವುದಕ್ಕಾದರೂ ಸಿಕ್ಕಬಹುದು.

ನಮಗೆ ಮೋಸವಾಗುವುದು ಇದರ ಆಯಸ್ಸಿನಿಂದ. 40 ವರ್ಷ ದಾಟಿದ ಹಕ್ಕಿಯೂ ದಾಖಲೆಯಲ್ಲಿದೆ. ಮರಿ ಉಳಿಯದಿದ್ದರೂ ಹಳೆಯವು ವರ್ಷವರ್ಷವೂ ಬಂದು ನಿಲ್ಲುತ್ತವೆ. ದಂಡೆ ತುಂಬಿಯೇ ಕಾಣುತ್ತದೆ.

ವಾಪಸ್ ಬರುವಾಗ ದುರ್ಬೀನಿನಲ್ಲಿ ಮರಿಗಳನ್ನು ಹುಡುಕಿದೆ. ಆ ವರ್ಷ ಹುಟ್ಟಿದವಕ್ಕೆ ಕೊಕ್ಕಿನ ತುದಿ ಕಪ್ಪಗಿರುತ್ತದೆ, ಕಾಲು ಮಾಸಲು. ಎಣಿಸಲು ಒಂದು ಕೈಯ ಬೆರಳು ಸಾಕಾಯಿತು. ಅಷ್ಟರಲ್ಲಿ ನೀರು ಮತ್ತೆ ಏರತೊಡಗಿತು. ಬೂಟಿನೊಳಗೆ ಕೆಸರು ಪಚಪಚ ಅನ್ನುತ್ತಿತ್ತು.