ಹಬ್ಬದಲ್ಲಿ ತೂಕ ಹೇಗೆ ಕಾಯ್ಕೋತೀರಿ ಅಂತ ಕೇಳೋರಿಗೆ

ಹಬ್ಬ-ರಜೆಗಳ ಸಾಲು ಹತ್ತಿರ ಬಂತು ಅಂದರೆ ನನಗೆ ಕ್ಯಾಲೆಂಡರ್ ನೋಡದೇನೇ ಗೊತ್ತಾಗುತ್ತೆ. ಲಿಫ್ಟಿನಲ್ಲಿ, ಫೋನಿನಲ್ಲಿ, ಮದುವೆ ಮನೆಯ ಕೈ ತೊಳೆಯೋ ಜಾಗದಲ್ಲಿ ಒಂದೇ ಪ್ರಶ್ನೆ: "ಇಂಥ ದಿನಗಳಲ್ಲೂ ತೂಕ ಏರದ ಹಾಗೆ ಹೇಗೆ ನೋಡ್ಕೋತೀರಿ?" ಹಿಂದೆ ದಪ್ಪಗಿದ್ದೆ, ಇಳಿಸಿದೆ, ಇಳಿದದ್ದು ಮತ್ತೆ ಏರಿಲ್ಲ. ಇಷ್ಟೇ ನನ್ನ ಅರ್ಹತೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸ್ತೀನಿ.

ಹಬ್ಬದ ದಿನ ನಾನು ವಿಶೇಷವಾಗಿ ಏನೂ ಮಾಡಲ್ಲ. ಹೀಗಂದರೆ ಯಾರೂ ನಂಬಲ್ಲ, ಏನೋ ಗುಟ್ಟು ಮುಚ್ಚಿಡ್ತಿದ್ದೀನಿ ಅನ್ನೋ ಹಾಗೆ ಮುಖ ನೋಡ್ತಾರೆ. "ಬೆಳಿಗ್ಗೆ ಬಿಸಿನೀರಿಗೆ ಏನು ಹಾಕ್ಕೊಂಡು ಕುಡೀತೀರಿ, ಅಷ್ಟಾದರೂ ಹೇಳಿ." ಏನೂ ಹಾಕಲ್ಲ ಸ್ವಾಮಿ. ಬಿಸಿನೀರೂ ಕುಡಿಯಲ್ಲ.

ಪ್ರಶ್ನೆಗಿಂತ ಹೆಚ್ಚು ಸಿಟ್ಟು ಬರೋದು ಅದನ್ನು ಕೇಳೋ ರೀತಿಗೆ. ಒಂದು ಸಲ ದೊಡ್ಡಮ್ಮನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. "ಅದೇನು ಮಾಡಿ ಇಳಿದ್ಯೋ, ನನಗೂ ಹೇಳ್ಕೊಡೋ, ಮಂಡಿ ನೋವು ತಡೆಯೋಕಾಗ್ತಿಲ್ಲ" ಅಂತ ಕೇಳ್ತಾನೇ ಎರಡನೇ ಸಲ ಸಿಹಿ ಎತ್ತಿಕೊಂಡು ಬಂದರು. "ಬೇಡ ದೊಡ್ಡಮ್ಮ" ಅಂತ ತಟ್ಟೆಗೆ ಕೈ ಅಡ್ಡ ಹಿಡಿದೆ. ಸೌಟು ಒಂದು ಗಳಿಗೆ ನಿಂತು, ಕೈಯನ್ನು ಬಳಸಿ ಬಂದು, ಕಿರುಬೆರಳಿಗೂ ತಟ್ಟೆಯ ಅಂಚಿಗೂ ನಡುವೆ ಉಳಿದಿದ್ದ ಸಂದಿಯಲ್ಲಿ ಇಳೀತು. ಬೆರಳಿಗೆಲ್ಲ ಪಾಕ. "ಒಂದು ದಿನ ತಿಂದರೆ ಏನಾಗುತ್ತೆ? ಮುಖ ನೋಡು, ಹೇಗೆ ಬತ್ತಿಹೋಗಿದೆ!" ಹೇಗೆ ಇಳಿದೆ ಅಂತ ಕೇಳಿದ್ದೂ ಅವರೇ, ಯಾಕೆ ಇಳಿದೆ ಅಂತ ಗದರಿದ್ದೂ ಅವರೇ. ಎರಡಕ್ಕೂ ಉತ್ತರ ಕೇಳಿಸಿಕೊಳ್ಳದೆ ಪಕ್ಕದವರಿಗೆ ಬಡಿಸೋಕೆ ಹೋದರು.

ಆದರೂ ದೊಡ್ಡಮ್ಮನ ಮಾತಿನಲ್ಲಿ ಒಂದು ಸರಿ ಇದೆ. ಒಂದು ದಿನ ತಿಂದರೆ ಏನೂ ಆಗಲ್ಲ. ಒಂದು ಕಿಲೋ ಮೈಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ. ದಿನಕ್ಕೆ ಬೇಕಾದ್ದನ್ನು ತಿಂದು, ಅದರ ಮೇಲೆ ಇಷ್ಟನ್ನೂ ಒಂದೇ ದಿನದಲ್ಲಿ ತಿನ್ನೋದು ಪಂದ್ಯ ಕಟ್ಟಿದರೂ ಕಷ್ಟ. ಹಾಗಾದರೆ ಮಾರನೇ ಬೆಳಿಗ್ಗೆ ತೂಕದ ಮಿಷನ್ ಒಂದೂವರೆ ಕಿಲೋ ಜಾಸ್ತಿ ತೋರಿಸುತ್ತಲ್ಲ ಅಂತೀರಾ? ಅದರಲ್ಲಿ ಬಹುಪಾಲು ನೀರು. ತಿಂದ ಸಕ್ಕರೆ, ಪಿಷ್ಟದಲ್ಲಿ ಒಂದಷ್ಟು ಗ್ಲೈಕೋಜನ್ ಆಗಿ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಸೇರಿಕೊಳ್ಳುತ್ತೆ. ಅದರ ಒಂದೊಂದು ಗ್ರಾಂ ಸುಮಾರು 3 ಗ್ರಾಂ ನೀರನ್ನೂ ಜೊತೆಗೆ ಹಿಡಿದಿಟ್ಟುಕೊಳ್ಳುತ್ತೆ. ಉಪ್ಪು ಹಿಡಿದಿಡೋ ನೀರು ಬೇರೆ, ಹೊಟ್ಟೆಯಲ್ಲಿ ಇನ್ನೂ ಕರಗದ ಊಟ ಬೇರೆ. ಎಂದಿನ ಊಟಕ್ಕೆ ಮರಳಿದರೆ ಕೆಲವೇ ದಿನದಲ್ಲಿ ಇದೆಲ್ಲ ಇಳಿದುಹೋಗುತ್ತೆ.

2000ದಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದ 195 ಜನರನ್ನು ವರ್ಷಾಂತ್ಯದ ಹಬ್ಬಗಳ ಹಿಂದೆ ಮುಂದೆ ತೂಗಿ ನೋಡಿದ್ದರು. ಆ ಹಬ್ಬದ ವಾರಗಳಲ್ಲಿ ಏರಿದ್ದು ಸರಾಸರಿ 0.37 ಕಿಲೋ. ಏರಿದೆ ಅಂತ ಅವರು ಅಂದುಕೊಂಡಿದ್ದು ಅದರ ಸುಮಾರು ನಾಲ್ಕು ಪಟ್ಟು! ಇಷ್ಟೇನಾ ಅಂತ ಖುಷಿಪಡಬೇಡಿ. ಏರಿದ್ದು ಮುಂದಿನ ಬೇಸಿಗೆ ಬಂದರೂ ಇಳಿಯಲಿಲ್ಲ. ವರ್ಷ ವರ್ಷ ಇದೇ ಕಥೆಯಾದರೆ ಹತ್ತು ವರ್ಷಕ್ಕೆ ಎಷ್ಟಾಯ್ತು, ಲೆಕ್ಕ ಹಾಕಿ.

ಅದಕ್ಕೇ ಹೇಳೋದು, ಹಬ್ಬದ ದಿನದ ಬಗ್ಗೆ ನನ್ನ ತಲೆ ತಿನ್ನಬೇಡಿ. ಹಬ್ಬ ಮುಗಿದ ಮಾರನೇ ದಿನ ಏನು ಮಾಡ್ತೀರಿ ಅಂತ ಒಬ್ಬರಾದರೂ ಕೇಳಬಾರದೇ?

ಮಾರನೇ ದಿನ ಮನೆಯಲ್ಲಿ ಏನಿರುತ್ತೆ? ಫ್ರಿಜ್‌ನಲ್ಲಿ, ಸರಿಯಾಗಿ ಕಣ್ಣಿನ ಮಟ್ಟದಲ್ಲಿ, ಒಂದು ಡಬ್ಬಿ. ನೀರು ಕುಡಿಯೋಕೆ ಬಂದವರೆಲ್ಲ ಅದನ್ನು ತೆಗೆದು "ಅರ್ಧ ಸಾಕು" ಅಂತ ಚಾಕುವಿನಲ್ಲಿ ಕತ್ತರಿಸ್ತಾರೆ. ಮುಂದಿನವರು ಉಳಿದರ್ಧದಲ್ಲಿ ಅರ್ಧ. ಕೊನೆಗೆ ಹೆಬ್ಬೆರಳಿನ ಉಗುರಿನಷ್ಟು ಒಂದು ಚೂರು ಮೂಲೆಯಲ್ಲಿ ಕೂತಿರುತ್ತೆ. ಅದನ್ನು ಯಾರೂ ಮುಟ್ಟಲ್ಲ, ಮುಗಿಸಿದವರು ಡಬ್ಬಿ ತೊಳೀಬೇಕಲ್ಲ. ಇಷ್ಟಾದ ಮೇಲೂ ಆ ಮನೆಯಲ್ಲಿ ಯಾರನ್ನೇ ಕೇಳಿ, "ನಿನ್ನೆ ತಿಂದಿದ್ದೇ ಜಾಸ್ತಿಯಾಯ್ತು" ಅಂತಾರೆ. ಇವತ್ತಿನದು ಲೆಕ್ಕಕ್ಕೇ ಇಲ್ಲ.

ಇನ್ನು ಕೆಲವರದ್ದು "ಮುಳುಗಿದವನಿಗೆ ಚಳಿಯೇನು ಮಳೆಯೇನು" ಅನ್ನೋ ಲೆಕ್ಕಾಚಾರ. ಹೇಗೂ ಕೆಟ್ಟಾಯ್ತು, ರಜೆ ಮುಗೀಲಿ, ಸೋಮವಾರದಿಂದ ನೋಡೋಣ. 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಅನ್ನೋ ಇಬ್ಬರು ಇದರ ಮೇಲೆ ಒಂದು ತಮಾಷೆಯ ಪ್ರಯೋಗ ಪ್ರಕಟಿಸಿದರು. ಮೊದಲು ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ಐಸ್‌ಕ್ರೀಮ್ ಕೊಟ್ಟು ರುಚಿ ಹೇಳಿ ಅಂದರು. ತಿನ್ನೋದರ ಬಗ್ಗೆ ತಲೆ ಕೆಡಿಸಿಕೊಳ್ಳದವರು ಮಿಲ್ಕ್‌ಶೇಕ್ ಆದಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಸದಾ ಬಾಯಿ ಕಟ್ಟಿಕೊಂಡಿರೋರು ಮಾತ್ರ ಇನ್ನೂ ಜಾಸ್ತಿ ತಿಂದರು. ಕಟ್ಟು ಮುರೀತು, ಇನ್ನೇನು ಉಳೀತು ಅಂತ! ಮಾರನೇ ದಿನ ಉಪವಾಸ ಬಿದ್ದು ಪ್ರಾಯಶ್ಚಿತ್ತ ಮಾಡಿಕೊಳ್ಳೋರನ್ನು ನೋಡಿದಾಗ ನನಗೆ ಈ ಐಸ್‌ಕ್ರೀಮ್ ನೆನಪಾಗುತ್ತೆ. ಸಂಜೆ ಏಳಕ್ಕೆ ಆ ಡಬ್ಬಿಯ ಮುಂದೆ ನಿಂತಿರೋದು ಅವರೇ.

ನಾನು ಮಾರನೇ ದಿನ ಮಾಡೋದು ಬಹಳ ಸಪ್ಪೆ ಕೆಲಸ. ಎಂದಿನ ಹೊತ್ತಿಗೆ ಎಂದಿನ ತಿಂಡಿ. ಊಟ ಆದಮೇಲೆ ಹತ್ತು ನಿಮಿಷ ನಡಿಗೆ, ಅದೂ ಚಪ್ಪಲಿಯಲ್ಲೇ. ರಾತ್ರಿ ಬೇಗ ನಿದ್ದೆ, ಯಾಕಂದರೆ ಹರಟೆಯಲ್ಲಿ ಕೆಟ್ಟ ನಿದ್ದೆಗೆ ಮಾರನೇ ದಿನ ಹಸಿವು ಜಾಸ್ತಿ. ಡಬ್ಬಿಯಲ್ಲಿ ಉಳಿದದ್ದು ಆಫೀಸಿಗೆ ಹೋಗುತ್ತೆ, ಅಲ್ಲಿ ಹನ್ನೊಂದು ಗಂಟೆಯೊಳಗೆ ಖಾಲಿ. ರಜೆಯಲ್ಲೂ ವಾರಕ್ಕೆ ಎರಡು ಮೂರು ಸಲ ತೂಕ ನೋಡ್ತೀನಿ. ಇದು ಬರೀ ನನ್ನ ಚಟ ಅಲ್ಲ. ಬರ್ಮಿಂಗ್‌ಹ್ಯಾಮ್‌ನಲ್ಲಿ 272 ಜನರ ಮೇಲೆ ನಡೆಸಿದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪಿಗೆ ಹಬ್ಬದ ದಿನಗಳಲ್ಲಿ ವಾರಕ್ಕೆ ಕನಿಷ್ಠ ಎರಡು ಸಲ ತೂಕ ನೋಡಿಕೊಳ್ಳಿ ಅಂದು, ಒಂದಿಷ್ಟು ಸಲಹೆಗಳನ್ನೂ ಕೊಟ್ಟಿದ್ದರು. ಇನ್ನೊಂದು ಗುಂಪಿಗೆ ಬರೀ ಒಂದು ಕರಪತ್ರ. ಎರಡರ ನಡುವೆ ಕೊನೆಗೆ ಸುಮಾರು ಅರ್ಧ ಕಿಲೋ ವ್ಯತ್ಯಾಸ ಬಂತು. ಆದರೆ ಅಂಕಿ ನೋಡಿದರೆ ಇಡೀ ದಿನ ಮನಸ್ಸು ಕೆಡುತ್ತೆ ಅನ್ನೋರು ಮಿಷನ್ನಿನ ಹತ್ತಿರ ಹೋಗಬೇಡಿ. ಪ್ಯಾಂಟಿನ ಸೊಂಟ ಹೇಳೋದೇ ಸಾಕು.

ಇಷ್ಟು ಹೇಳಿದ ಮೇಲೆ ಒಂದು ಮಾತು ಬಂದೇ ಬರುತ್ತೆ: "ನಿಮಗೇನು ಬಿಡಿ, ನಿಮ್ಮ ಮೈಯೇ ಹಾಗೆ." ನನ್ನ ಹಳೇ ಫೋಟೋಗಳು ದೊಡ್ಡಮ್ಮನ ಹತ್ತಿರ ಇವೆ, ಹೋಗಿ ನೋಡಿ. ಆದರೆ ಹಸಿದುಕೊಂಡು ಹೋಗಬೇಡಿ, ಹೊಟ್ಟೆ ತುಂಬಿಸಿಕೊಂಡೂ ಹೋಗಬೇಡಿ, ಅವರು ಎರಡನ್ನೂ ನಂಬಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಮಾತ್ರೆ ತಗೊಳ್ಳೋರು ಮಾತ್ರ ಊಟ ಬಿಡೋದು, ಹೊತ್ತು ಬದಲಿಸೋದು ಏನೇ ಇದ್ದರೂ ನಿಮ್ಮ ಡಾಕ್ಟರನ್ನೇ ಕೇಳಿ, ನನ್ನನ್ನಲ್ಲ.